ಕನ್ನಡಿ ಮಾರುತ್ತಿದ್ದವನ ಹಾಡು

ನಮಸ್ಕಾರ. ಇವತ್ತು 'ದಿ ವಿಚರ್ 3' ಗೇಮಿನ 'ಹಾರ್ಟ್ಸ್ ಆಫ್ ಸ್ಟೋನ್' ಬಗ್ಗೆ, ಅಂದರೆ ಮೂಲ ಗೇಮಿಗೆ ಆಮೇಲೆ ಸೇರಿಸಿದ ಹೆಚ್ಚುವರಿ ಕಥೆಯ ಬಗ್ಗೆ ಮಾತಾಡೋಣ. ಕಥೆಯನ್ನು ಕೊನೆಯವರೆಗೂ ಹೇಳುತ್ತೇನೆ. ಇನ್ನೂ ಆಡಿಲ್ಲದವರು ಆಡಿ ಮುಗಿಸಿಯೇ ಬನ್ನಿ.

ಫ್ಯಾಂಟಸಿ ಗೇಮುಗಳಲ್ಲಿ ಎಲ್ಲಿ ನೋಡಿದರೂ ಪುಸ್ತಕ, ಪತ್ರ ಬಿದ್ದಿರುತ್ತವೆ. ತುಂಬಾ ಜನ ಓದುವುದಿಲ್ಲ. ಅವರನ್ನು ನಾನು ದೂರುವುದಿಲ್ಲ, ಎಷ್ಟೋ ಪುಸ್ತಕಗಳು ಸುಮ್ನೆ ಜಾಗ ತುಂಬಿಸಲು ಇಟ್ಟಂಥವು. ಆದರೆ ಇಲ್ಲಿ ಮಕ್ಕಳು ಒಂದು ಹಾಡು ಹೇಳುತ್ತಾರೆ. ಅದನ್ನು ಕೇಳಲು ಆಟ ನಿಲ್ಲಿಸಬೇಕಿಲ್ಲ. ಒಬ್ಬ ನಗುನಗುತ್ತಾ ಬರುತ್ತಾನೆ, ಸಿಹಿ ಮಾತಾಡುತ್ತಾನೆ, ಕೇಳಿದ್ದೆಲ್ಲ ಕೊಡುತ್ತಾನೆ. ಆಮೇಲೆ ಸಾಲ ವಸೂಲಿಗೆ ಬರುತ್ತಾನೆ, ಆಗ ಮುಖದಲ್ಲಿ ನಗು ಇರುವುದಿಲ್ಲ. ಇಷ್ಟೇ ಹಾಡು. ಇಡೀ ಕಥೆ ಅದರಲ್ಲೇ ಇದೆ.

ಹಾಡಿನಲ್ಲಿ ಬರುವವನು ಗಾಂಟರ್ ಓ'ಡಿಮ್. ಓಲ್ಗಿಯರ್ಡ್ ಎಂಬ ಜಮೀನ್ದಾರ ಅವನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ನಾಳೆಯೇ ಇಲ್ಲ ಎಂಬಂತೆ ಬದುಕಬೇಕು ಅಂತ ಬೇಡಿದ್ದ. ಸಾವಿಲ್ಲದ ಬದುಕು ಸಿಕ್ಕಿತು, ಎದೆ ಮಾತ್ರ ಕಲ್ಲಾಯಿತು. ಹೆಂಡತಿ ಐರಿಸ್ ಮೇಲಿನ ಪ್ರೀತಿಯೂ ಆರಿಹೋಯಿತು. ಒಪ್ಪಂದದ ಷರತ್ತು ಹೀಗಿತ್ತು: ಓಲ್ಗಿಯರ್ಡ್‌ನ ಮೂರು ಆಸೆ ಈಡೇರಬೇಕು, ಇಬ್ಬರೂ ಚಂದ್ರನ ಮೇಲೆ ನಿಲ್ಲಬೇಕು, ಆಮೇಲಷ್ಟೇ ಆತ್ಮ ಓ'ಡಿಮ್‌ಗೆ ಸೇರುತ್ತದೆ. ಅಸಾಧ್ಯ ಅನ್ನಿಸುತ್ತದೆ ಅಲ್ವಾ? ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ ಸತ್ತ ಹಿರಣ್ಯಕಶಿಪುವಿನ ಕಥೆ ಕೇಳಿ ಬೆಳೆದ ನಮಗೆ ಇಂಥ ಷರತ್ತು ಕಂಡಾಗಲೇ ಅನುಮಾನ ಬರುತ್ತದೆ. ಕೊನೆಗೆ ಒಂದು ಪಾಳು ಗುಡಿಯ ನೆಲದಲ್ಲಿ ಚಂದ್ರನ ಚಿತ್ರ ಇರುತ್ತದೆ. ಇಬ್ಬರೂ ಅದರ ಮೇಲೆ ನಿಂತಿರುತ್ತಾರೆ.

ಗೇಮ್ ಮಾಡಿದ ಸಿಡಿ ಪ್ರೊಜೆಕ್ಟ್ ರೆಡ್ ಪೋಲೆಂಡಿನದು. ಅಲ್ಲಿ ತ್ವಾರ್ದೋವ್ಸ್ಕಿ ಎಂಬವನ ಹಳೆಯ ಕಥೆ ಇದೆ. ರೋಮ್‌ನಲ್ಲಿ ಸಿಕ್ಕರೆ ಮಾತ್ರ ತನ್ನ ಆತ್ಮ ಒಯ್ಯಬೇಕೆಂದು ಅವನು ಸೈತಾನನಿಗೆ ಷರತ್ತು ಹಾಕಿದ. ಸೈತಾನ ಅವನನ್ನು 'ರೋಮ್' ಎಂಬ ಹೆಸರಿನ ಹೋಟೆಲಿನಲ್ಲಿ ಹಿಡಿದ. ಆದರೂ ಅವನು ತಪ್ಪಿಸಿಕೊಂಡು ಚಂದ್ರನ ಮೇಲೆ ಸೇರಿದ. ಆ ಕಥೆ ಗೊತ್ತಿರುವ ಪೋಲೆಂಡಿನವರಿಗೆ ಚಂದ್ರನ ಮಾತು ಬಂದ ಕೂಡಲೇ ಕಿವಿ ನೆಟ್ಟಗಾಗಿರಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಬೇರೆ. ಮಕ್ಕಳ ಹಾಡು ಓಲ್ಗಿಯರ್ಡ್‌ಗೆ ಮಾತ್ರ ಹೇಳಿದ್ದಲ್ಲ. ನಾವು ಆಡಿಸುವ ಗೆರಾಲ್ಟ್ ಸೆರೆಯಲ್ಲಿದ್ದಾಗ ಓ'ಡಿಮ್‌ನ ಸಹಾಯ ಪಡೆದಿರುತ್ತಾನೆ. ಅದರ ಗುರುತು ಅವನ ಮುಖದ ಮೇಲೇ ಬಿದ್ದಿರುತ್ತದೆ. ಓಲ್ಗಿಯರ್ಡ್‌ನ ಆಸೆಗಳನ್ನು ಒಂದೊಂದಾಗಿ ಪೂರೈಸಿ ಅವನನ್ನು ಬಲೆಗೆ ತಳ್ಳುವವರೂ ನಾವೇ. ಸಾಲಗಾರನೊಬ್ಬ ಇನ್ನೊಬ್ಬ ಸಾಲಗಾರನನ್ನು ಹಿಡಿದುಕೊಡುವ ಕೆಲಸ ಇದು. ಹಾಡು ಕೇಳಿಸಿಕೊಂಡವರಿಗೆ ಈ ಸಂಕಟ ಮೊದಲೇ ಶುರುವಾಗುತ್ತದೆ. ಹಾಗಾಗಿ ಕೊನೆಯಲ್ಲಿ ಬಹುಮಾನ ತೆಗೆದುಕೊಂಡು ನಡೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಡ್ಡ ನಿಲ್ಲಬೇಕು, ಸ್ವಂತ ಆತ್ಮ ಪಣಕ್ಕಿಟ್ಟು ಓ'ಡಿಮ್ ಒಡ್ಡುವ ಒಗಟು ಬಿಡಿಸಬೇಕು.

ಆ ಒಗಟಿಗೆ ಉತ್ತರ ಪ್ರತಿಬಿಂಬ. ಓ'ಡಿಮ್ ಕನ್ನಡಿಗಳನ್ನು ಒಡೆದು ಹಾಕುತ್ತಾನೆ, ಸಮಯ ಓಡುತ್ತಿರುತ್ತದೆ, ನಾವು ನೀರು ಹುಡುಕಬೇಕು. ಸುಳಿವು ಎಲ್ಲಿ ಸಿಕ್ಕಿತ್ತು ಗೊತ್ತಾ? ಹಾರ್ಟ್ಸ್ ಆಫ್ ಸ್ಟೋನ್ ಬಂದಿದ್ದು 2015ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ, ಮೇ ತಿಂಗಳಲ್ಲಿ ಬಂದ ಮೂಲ ಗೇಮಿನ ಶುರುವಿನಲ್ಲೇ, ವೈಟ್ ಆರ್ಚರ್ಡ್ ಎಂಬ ಹಳ್ಳಿಯ ಹೆಂಡದಂಗಡಿಯಲ್ಲಿ ಈ ಮನುಷ್ಯ ನಮಗೆ ಸಿಕ್ಕಿರುತ್ತಾನೆ. ಮೊದಲು ಕನ್ನಡಿ ಮಾರುತ್ತಿದ್ದೆ ಅಂತ ತಾನಾಗಿಯೇ ಹೇಳಿರುತ್ತಾನೆ. ಇನ್ನೊಮ್ಮೆ ಆಡುವಾಗ ಆ ಮಾತುಕತೆಯನ್ನು ಸ್ಕಿಪ್ ಮಾಡಬೇಡಿ.