ಚಷ್ಮಾ ನಂಬರ್ ನೋಡಿಸಲು ಹೋದಾಗ ಸಿಕ್ಕ ಗ್ಲಾಕೋಮಾ

(ರಾಯಚೂರಿನಲ್ಲಿ ನಿವೃತ್ತ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಗುರುಬಾಂಧವರೇ, ಅಕ್ಕಂದಿರೇ,

ನಿಮ್ಮ ಬಿಪಿ ಎಷ್ಟು, ಶುಗರ್ ಎಷ್ಟು ಅಂತ ಕೇಳಿದರೆ ಇಲ್ಲಿ ಹೆಚ್ಚಿನವರು ಚೀಟಿ ನೋಡದೆ ಹೇಳುತ್ತೀರಿ. ಕಣ್ಣಿನ ಒತ್ತಡ ಎಷ್ಟು ಅಂತ ಕೇಳಿದರೆ ಹೇಳುವವರು ಕಡಿಮೆ. ಅದು ಬಿಪಿ ಅಲ್ಲ. ಬಿಪಿ ಸರಿ ಇದ್ದವರಿಗೂ ಕಣ್ಣಿನೊಳಗಿನ ಒತ್ತಡ ಏರಬಹುದು. ಅದನ್ನು ಬೇರೆಯಾಗಿಯೇ ಅಳೆಯಬೇಕು.

ನನಗೆ ಗ್ಲಾಕೋಮಾ ಇದೆ. ನೋಟವನ್ನು ಮೆದುಳಿಗೆ ಒಯ್ಯುವ, ಕಣ್ಣಿನ ಹಿಂದಿನ ನರ ಸವೆಯುವ ರೋಗ ಅದು. ಚಷ್ಮಾ ನಂಬರ್ ಬದಲಾಗಿದೆಯೇನೋ ಎಂದು ತೋರಿಸಲು ಹೋದಾಗ ಗೊತ್ತಾಯಿತು. ಕಣ್ಣು ನೋಯುತ್ತಿರಲಿಲ್ಲ, ಕೆಂಪಾಗಿರಲಿಲ್ಲ, ಗೋಡೆಯ ಮೇಲಿನ ಕಟ್ಟಕಡೆಯ ಸಾಲನ್ನೂ ಓದಿದ್ದೆ. ಆಮೇಲೆ ಡಾಕ್ಟರು ಗದ್ದ ಇಡಿಸಿ, ನೀಲಿ ಬೆಳಕಿನ ಯಂತ್ರದಲ್ಲಿ ಒತ್ತಡ ನೋಡಿದರು. ಬಲಗಣ್ಣು 24, ಎಡಗಣ್ಣು 29. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕಿ ಹಿಂದಿನ ನರ ನೋಡಿದಾಗ ಎಡಗಣ್ಣಿನ ನರ ಸವೆದದ್ದು ಕಂಡಿತು.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಹುಟ್ಟುತ್ತಿರುತ್ತದೆ. ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಸಣ್ಣ ಜಾಲರಿಯ ಮೂಲಕ ಅದು ಬಸಿದು ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಲುವೆಯಿಂದ ನೀರು ಬರುತ್ತಲೇ ಇದೆ, ಬಸಿಗಾಲುವೆಯಲ್ಲಿ ಹೂಳು ತುಂಬಿದೆ ಎಂದರೆ ಗದ್ದೆಯ ಗತಿ ಏನು ಅಂತ ನಿಮಗೆ ಗೊತ್ತು. ಹಾಗೆ ನಿಂತ ನೀರಿನ ಒತ್ತಡ ಕಣ್ಣಿನ ಹಿಂದಿನ ನರದ ಮೇಲೆ ಬೀಳುತ್ತದೆ. ಆ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಇಷ್ಟು ನಷ್ಟವಾದರೂ ನಮಗೆ ಯಾಕೆ ತಿಳಿಯುವುದಿಲ್ಲ? ನಮ್ಮೆಲ್ಲರ ಒಂದೊಂದು ಕಣ್ಣಿನಲ್ಲೂ ಹುಟ್ಟಿನಿಂದಲೇ ಒಂದು ಕುರುಡು ಚುಕ್ಕೆ ಇದೆ, ನರ ಹೊರಗೆ ಹೋಗುವ ಜಾಗ ಅದು. ಎಂಟನೇ ತರಗತಿಯ ಮಕ್ಕಳಿಗೆ ಹಾಳೆಯ ಮೇಲೆ ಒಂದು ಕೂಡಿಸು ಗುರುತು, ಒಂದು ಚುಕ್ಕೆ ಬರೆಸಿ ನಾನು ಇದನ್ನು ತೋರಿಸುತ್ತಿದ್ದೆ. ಒಂದು ಕಣ್ಣು ಮುಚ್ಚಿ ಹಾಳೆಯನ್ನು ಹಿಂದೆ ಮುಂದೆ ಮಾಡಿದರೆ ಚುಕ್ಕೆ ಮಾಯವಾಗುತ್ತಿತ್ತು. ಆದರೆ ಅಲ್ಲಿ ಕರಿ ತೂತು ಕಾಣುತ್ತಿರಲಿಲ್ಲ, ಬಿಳಿ ಹಾಳೆಯೇ ಕಾಣುತ್ತಿತ್ತು. ಮೆದುಳು ಆ ಖಾಲಿ ಜಾಗವನ್ನು ಸುತ್ತಲಿನದರಿಂದ ತುಂಬಿಬಿಡುತ್ತದೆ. ಗ್ಲಾಕೋಮಾದಲ್ಲೂ ಹೀಗೆಯೇ. ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು, ಉಳಿದದ್ದನ್ನು ಮೆದುಳು ತುಂಬುತ್ತದೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುವುದರಿಂದ ಪೇಪರ್ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ನಮ್ಮ ದೇಶದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಸಿಕ್ಕವರ ಪೈಕಿ ಬಹುಪಾಲು ಜನಕ್ಕೆ ಅದುವರೆಗೆ ಅದರ ಸುಳಿವೇ ಇರಲಿಲ್ಲ.

ಇನ್ನು ಗೊತ್ತಾದ ಮೇಲಿನ ಮಾತು. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

ಮೊದಲ ಕೆಲವು ವಾರ ಭಯವೇ ದೊಡ್ಡ ಕಾಯಿಲೆಯಾಗಿತ್ತು. ಒಲೆಯ ಮುಂದೆ ನಿಂತಾಗ, ಬಸ್ಸಿನಲ್ಲಿ ಕೂತಾಗ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಿದ್ದೆ. ಬಂದವರೆಲ್ಲ ಪ್ರೀತಿಯಿಂದಲೇ "ಪೊರೆ ಬಂದಿರಬೇಕ್ರೀ ಅಕ್ಕಾರ, ಆಪರೇಷನ್ ಮಾಡಿಸ್ಕೊಂಡ್ರ ಆರಾಮ ಆಗ್ತದ" ಎನ್ನುತ್ತಿದ್ದರು. ಪೊರೆ ತೆಗೆದರೆ ನೋಟ ತಿರುಗಿ ಬರುತ್ತದೆ, ಗ್ಲಾಕೋಮಾದಲ್ಲಿ ಹೋದದ್ದು ಬರುವುದಿಲ್ಲ. ಲೇಸರ್ ಆಗಲಿ ಆಪರೇಷನ್ ಆಗಲಿ, ಇಲ್ಲಿ ಅದು ಉಳಿದದ್ದನ್ನು ಕಾಯುವುದಕ್ಕೆ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿ ಹೇಳದಿದ್ದರೆ, ಆರು ತಿಂಗಳ ಮೇಲೆ "ಇಷ್ಟು ಔಷಧ ಹಾಕಿದ್ರೂ ಫರಕ್ ಇಲ್ಲಲ್ಲ" ಎಂಬ ಮಾತು ಬರುತ್ತದೆ. ಒತ್ತಡ ಇಳಿಸುವ ಹನಿ ಹಾಕಿಕೊಳ್ಳುವುದನ್ನು ಬಹಳ ಜನ ನಿಲ್ಲಿಸುವುದು ಆಗಲೇ. ಫರಕ್ ಇಲ್ಲದಿರುವುದೇ ಇಲ್ಲಿ ಔಷಧದ ಗೆಲುವು.

ಭಯ ಹೆಚ್ಚಿಸುವ ಇನ್ನೊಂದು ಸಂಗತಿ ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ನೋಟ ಎಲ್ಲೆಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ. ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ದೀಪ ನೋಡುತ್ತ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ಏನೂ ಕಾಣುವುದಿಲ್ಲ. ಕೈ ನಡುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ದಯವಿಟ್ಟು ಇದನ್ನು ನೆನಪಿಡಿ: ನಿಮಗೆ ಕಾಣುವ ಅತಿ ಮಂದ ಬೆಳಕು ಯಾವುದು ಎಂದು ಹುಡುಕುವುದೇ ಆ ಯಂತ್ರದ ಕೆಲಸ. ಹಾಗಾಗಿ ಆರೋಗ್ಯವಂತರಿಗೂ ಕಾಣದಷ್ಟು ಮಂದವಾದ ಚುಕ್ಕೆಗಳನ್ನು ಅದು ಬೇಕೆಂದೇ ತೋರಿಸುತ್ತದೆ. ಕಾಣದ ಚುಕ್ಕೆಗಳೆಲ್ಲ ಹೋದ ದೃಷ್ಟಿಯಲ್ಲ. ಮೊದಲ ಟೆಸ್ಟ್ ಬಹಳ ಜನರಿಗೆ ಸರಿಯಾಗಿ ಬರುವುದೂ ಇಲ್ಲ, ಅದಕ್ಕೇ ಮತ್ತೆ ಮಾಡಿಸುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಕೆಲವು ರಾತ್ರಿ ನಿದ್ದೆ ಬರುತ್ತಿತ್ತು.

ಧೈರ್ಯ ತಂದ ಸಂಗತಿಯೂ ಇದೆ. ಸ್ವೀಡನ್ನಿನಲ್ಲಿ ಹೊಸದಾಗಿ ಗ್ಲಾಕೋಮಾ ಗೊತ್ತಾದವರನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ ಅಧ್ಯಯನವೊಂದರಲ್ಲಿ, ಒತ್ತಡ ಒಂದೊಂದು ಮಿಲಿಮೀಟರ್ ಇಳಿದಂತೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ಇಳಿಯುತ್ತದೆ ಎಂದು ಕಂಡುಬಂತು. ಹಾಗಿದ್ದರೆ ದಿನಾ ರಾತ್ರಿಯ ಆ ಒಂದು ಹನಿಗೆ ಬೆಲೆ ಇದೆ.

ಹನಿ ಹಾಕುವುದನ್ನೂ ಕಲಿಯಬೇಕು. ಕೆಳರೆಪ್ಪೆ ಎಳೆದು ಒಂದೇ ಹನಿ ಸಾಕು, ಕಣ್ಣು ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಔಷಧ ಗಂಟಲಿಗೆ ಇಳಿಯುವುದಿಲ್ಲ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಉಬ್ಬಸ ಇದ್ದವರು, ಹೃದಯದ ಬಡಿತ ನಿಧಾನ ಇದ್ದವರು ಡಾಕ್ಟರಿಗೆ ಮೊದಲೇ ಹೇಳಿ, ಟಿಮೊಲಾಲ್ ಎಂಬ ಹನಿ ಅಂಥವರಿಗೆ ಆಗಿಬರುವುದಿಲ್ಲ. ಶೀರ್ಷಾಸನ ಮಾಡುವ ಹಿರಿಯರು ಇಲ್ಲಿದ್ದೀರಿ. ಗ್ಲಾಕೋಮಾ ಇದ್ದರೆ ಅದನ್ನು ಬಿಡಿ, ತಲೆಕೆಳಗಾಗಿ ನಿಂತಷ್ಟು ಹೊತ್ತು ಕಣ್ಣಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ.

ನಮ್ಮೂರಿನ ಬಿಸಿಲಿನ ಬಗ್ಗೆ ಬೇರೆಯಾಗಿ ಹೇಳಬೇಕು. ಒತ್ತಡ ಇಳಿಸುವ ಲಟಾನೊಪ್ರೊಸ್ಟ್ ಎಂಬ ಹನಿಯ ಬಹಳಷ್ಟು ಬಾಟಲಿಗಳನ್ನು ತೆರೆಯುವ ಮುಂಚೆ ಫ್ರಿಜ್ಜಿನಲ್ಲೇ ಇಡಬೇಕು. ತೆರೆದ ಮೇಲೆ 25 ಡಿಗ್ರಿ ಒಳಗಿನ ತಂಪಿನಲ್ಲಿ ಹೊರಗಿಡಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಯಾವ ಮನೆಯೊಳಗೆ 25 ಡಿಗ್ರಿ ಇರುತ್ತದೆ? ಹೊರಗೆ 40 ದಾಟಿರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿಡಿ, ಐಸಿನ ಖಾನೆಯಲ್ಲಿ ಬೇಡ. ಫ್ರಿಜ್ ಇಲ್ಲದವರು ಫ್ರಿಜ್ ಬೇಡದ ಔಷಧ ಬರೆದುಕೊಡಿ ಎಂದು ಕೇಳಬೇಕು, ಅಂಥವೂ ಇವೆ. ಬೇಸಿಗೆಯಲ್ಲಿ ಊರಿಗೆ ಹೊರಟಾಗ ಬಾಟಲಿಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟು ಇಳಿಯಬೇಡಿ. ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆದುಬಿಡಿ.

ಇನ್ನೊಂದು ಮಾತನ್ನು ಹೇಳದೆ ಇಳಿದರೆ ನನಗೆ ಸಮಾಧಾನ ಇರುವುದಿಲ್ಲ. ಮೆಣಸಿನಕಾಯಿ ಒಣಗಿಸುವಾಗ, ಭತ್ತ ತೂರುವಾಗ ಕಣ್ಣು ಉರಿಯುತ್ತದೆ, ತುರಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಒಂದು ಹನಿ ಕೊಡುತ್ತಾರೆ, ಹಾಕಿದ ತಕ್ಷಣ ತಂಪು. ಮುಂದಿನ ಸಲ ಅದನ್ನೇ ಹೆಸರು ಹೇಳಿ ತರುತ್ತೇವೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ, ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಒತ್ತಡ ಏರಿ ನರ ಹಾಳಾಗುತ್ತದೆ, ಮಕ್ಕಳಲ್ಲಿಯೂ ಸಹ. ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಅದನ್ನೇ ಹಿಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ರೋಗ ಇದೆ ಎಂದು ನಮ್ಮಲ್ಲಿ ಹೇಳಿಕೊಳ್ಳುವುದಿಲ್ಲ. ಮಗಳ ಸಂಬಂಧ ಕೂಡಿಬರಬೇಕು, ಜನ ಏನಂದುಕೊಂಡಾರು, ಹೀಗೆ ಕಾರಣಗಳಿರುತ್ತವೆ. ಈ ರೋಗದಲ್ಲಿ ಮುಚ್ಚಿಟ್ಟರೆ ಒಡಹುಟ್ಟಿದವರ ಕಣ್ಣಿಗೆ ಕುತ್ತು. ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಇವರಿಗೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು ಅಪಾಯ. ನಾನು ನನ್ನ ತಮ್ಮನಿಗೆ ಫೋನ್ ಮಾಡಿದೆ. ಮಾನ್ವಿ ಕಡೆ ಒಕ್ಕಲುತನ ಅವನದು. "ಅಕ್ಕ, ನನ್ನ ಕಣ್ಣು ಛಲೋ ಅದಾವ. ಕಾಲುವಿ ಆಚಿ ಕಡಿ ನಿಂತ ದನ ಯಾರ್ದು ಅಂತ ಇಲ್ಲಿಂದ ಹೇಳ್ತೀನಿ. ದವಾಖಾನಿಗ್ಯಾಕ?" ಅಂದ. ನಾನು ಬಿಡಲಿಲ್ಲ, ಜೊತೆಗೇ ಕರೆದುಕೊಂಡು ಹೋದೆ. ಅವನ ಒತ್ತಡ 19, ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ನರ ಸವೆಯಲು ಶುರುವಾಗಿತ್ತು. ಒತ್ತಡ ಸಾಮಾನ್ಯ ಇದ್ದೂ ಗ್ಲಾಕೋಮಾ ಬರುವುದುಂಟು. ಆದ್ದರಿಂದ ಬರೀ ಒತ್ತಡ ನೋಡಿದರೆ ಸಾಲದು, ನರವನ್ನೂ ನೋಡಬೇಕು. ಅವನಿಗೆ ಫೀಲ್ಡ್ ಇನ್ನೂ ಪೂರ್ತಿ ಇದೆ. ಈಗ ಹೊಲದಿಂದ ಬಂದು ರಾತ್ರಿ ಊಟವಾದ ಮೇಲೆ ಹನಿ ಹಾಕಿಕೊಳ್ಳುತ್ತಾನೆ, ಮರೆತರೆ ಸೊಸೆ ನೆನಪಿಸುತ್ತಾಳೆ.

ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಶುಗರ್ ಇದ್ದವರು ಚಷ್ಮಾ ಅಂಗಡಿಯ ನಂಬರ್ ಪರೀಕ್ಷೆಗೆ ನಿಲ್ಲಬೇಡಿ. ಇಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ರಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ. ಹೋದಾಗ "ಒತ್ತಡ ಎಷ್ಟು ಬಂತು, ನರ ಹೇಗಿದೆ" ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಮಾತ್ರ ಬೆಳಗಾಗುವ ತನಕ ಕಾಯದೆ ಆ ಹೊತ್ತಿಗೇ ಹೋಗಬೇಕು. ಅದು ಬೇರೆ ಬಗೆಯ ಗ್ಲಾಕೋಮಾ, ಗಂಟೆಗಳಲ್ಲಿ ಕಣ್ಣು ಕಳೆಯಬಲ್ಲದು.

ನನ್ನ ಫೀಲ್ಡ್ ಟೆಸ್ಟಿನ ಹಾಳೆಗಳನ್ನು ತಂದಿದ್ದೇನೆ. ಫೈಲು ಮೇಜಿನ ಮೇಲಿದೆ, ಬಂದು ನೋಡಿ. ನಿಮ್ಮ ಬಾಟಲಿ, ಚೀಟಿ ತಂದಿದ್ದರೆ ಹನಿ ಹಾಕುವ ರೀತಿಯನ್ನು ಒಬ್ಬೊಬ್ಬರಿಗೇ ತೋರಿಸುತ್ತೇನೆ.