ರಿಪೋರ್ಟಿನ ‘ನಾರ್ಮಲ್’ ಯಾರ ನಾರ್ಮಲ್?

[ದೃಶ್ಯ: ಮೇಜಿನ ಮೇಲೆ ರಕ್ತ ಪರೀಕ್ಷೆಯ ರಿಪೋರ್ಟು. ದಪ್ಪಕ್ಷರದಲ್ಲಿ ಅಚ್ಚಾದ ಒಂದು ಅಂಕಿಯತ್ತ ಕ್ಯಾಮೆರಾ ಸರಿಯುತ್ತದೆ.]

ನಮಸ್ಕಾರ.

ರಕ್ತ ಪರೀಕ್ಷೆಯ ರಿಪೋರ್ಟು ಕೈಗೆ ಬಂದರೆ ನಾವೆಲ್ಲ ಮೊದಲು ಹುಡುಕುವುದು ಮಿತಿ ಮೀರಿದ ಅಂಕಿಯನ್ನು ತೋರಿಸುವ ದಪ್ಪಕ್ಷರವನ್ನು. ಎಲ್ಲಿಯೂ ಕಾಣಲಿಲ್ಲವೋ, ನಿರಾಳವಾಗಿ ಹಾಳೆ ಮಡಚಿ ಒಳಗಿಡುತ್ತೇವೆ. ಒಂದೇ ಒಂದು ಕಂಡಿತೋ, ಆ ರಾತ್ರಿಯ ನಿದ್ದೆ ಹೋಯಿತು. ಆ ನಿರಾಳವೂ ಈ ಗಾಬರಿಯೂ ಎಷ್ಟೋ ಸಲ ತಪ್ಪಾಗಿರುತ್ತವೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಪ್ರಯೋಗಾಲಯದ ಪರೀಕ್ಷೆಗಳು ಬಹಳ ಸೂಕ್ಷ್ಮವಾಗಿವೆ. ನಾರ್ಮಲ್, ಅಬ್‌ನಾರ್ಮಲ್ ಎಂದು ಮನುಷ್ಯರನ್ನು ಎರಡು ಪಾಲು ಮಾಡುವ ಹಳೆಯ ಗೆರೆ ಅವುಗಳಿಗೆ ಸಾಲುತ್ತಿಲ್ಲ. ಇಂದಿನ ವಿಡಿಯೋ ಆ ಗೆರೆಯ ಕುರಿತು.

ಮೊದಲು, ಆ ಗೆರೆಯನ್ನು ಎಳೆದವರು ಯಾರು? ಆರೋಗ್ಯವಂತರೆಂದು ಖಚಿತಪಡಿಸಿಕೊಂಡ ಕನಿಷ್ಠ 120 ಜನರ ರಕ್ತ ಪಡೆದು, ಬಂದ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳತುದಿಯಿಂದ ನೂರಕ್ಕೆ ಎರಡೂವರೆ, ಮೇಲ್ತುದಿಯಿಂದ ನೂರಕ್ಕೆ ಎರಡೂವರೆ ಪಾಲನ್ನು ಕಳೆಯುತ್ತಾರೆ. ನಡುವೆ ಉಳಿದದ್ದೇ ‘ಸಹಜ ಮಿತಿ’. ಅಂದರೆ ಈ ಲೆಕ್ಕದ ಪ್ರಕಾರವೇ ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರು ಮಿತಿಯಿಂದ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಯಾವ ಕಾಯಿಲೆಯೂ ಇಲ್ಲದ ವ್ಯಕ್ತಿಯ ರಿಪೋರ್ಟಿನಲ್ಲಿಯೂ ಕನಿಷ್ಠ ಒಂದು ದಪ್ಪಕ್ಷರ ಕಾಣುವ ಸಂಭವ ಶೇಕಡಾ 64. ದೊಡ್ಡ ‘ಪೂರ್ಣ ದೇಹ ತಪಾಸಣೆ’ ಮಾಡಿಸಿಕೊಂಡು ಗಾಬರಿಯಾಗುವವರು ಈ ಅಂಕಿಯನ್ನು ನೆನಪಿಡಬೇಕು.

ನನ್ನನ್ನು ಹೆಚ್ಚು ಕಾಡುವುದು ಇದರ ತಿರುವುಮುರುವು. ದಪ್ಪಕ್ಷರವೇ ಇಲ್ಲದ ರಿಪೋರ್ಟು.

[ದೃಶ್ಯ: ಒಬ್ಬರದೇ ಎರಡು ರಿಪೋರ್ಟುಗಳು ಅಕ್ಕಪಕ್ಕ. ಕ್ರಿಯಾಟಿನಿನ್ 0.7 ಮತ್ತು 1.15. ಎರಡರಲ್ಲಿಯೂ ಮಿತಿ 0.7ರಿಂದ 1.2.]

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಬರುವ ತ್ಯಾಜ್ಯ. ಅದನ್ನು ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ವರ್ಷಗಟ್ಟಲೆ 0.7 ಇದ್ದವರಿಗೆ ಈ ಸಲ 1.15 ಬಂದಿದೆ ಎಂದುಕೊಳ್ಳೋಣ. ಎರಡೂ ಮಿತಿಯೊಳಗಿವೆ. ಆದರೆ ಇದೇ ಅಂಕಿ ಮುಂದಿನ ಪರೀಕ್ಷೆಯಲ್ಲಿಯೂ ಉಳಿದರೆ, ಆ ವ್ಯಕ್ತಿಯ ಮೂತ್ರಪಿಂಡಗಳ ಸೋಸುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಸಿದಿರಬಹುದು. ನೂರಾರು ಜನರ ನಡುವೆ ಎಳೆದ ಅಗಲವಾದ ಗೆರೆಗೆ ಒಬ್ಬ ಮನುಷ್ಯನ ಒಳಗೆ ನಡೆದ ಈ ಬದಲಾವಣೆ ಕಾಣುವುದೇ ಇಲ್ಲ. ಮೂತ್ರಪಿಂಡ ತಜ್ಞರು ಇದನ್ನು ಮೊದಲೇ ಕಂಡುಕೊಂಡರು. 48 ಗಂಟೆಗಳಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 0.3 ಮಿಲಿಗ್ರಾಂನಷ್ಟು ಏರಿದರೆ, ಅಥವಾ ಏಳು ದಿನಗಳಲ್ಲಿ ಮೂಲದ ಒಂದೂವರೆ ಪಟ್ಟಾದರೆ, ಅದನ್ನು ಮೂತ್ರಪಿಂಡಕ್ಕಾದ ಹಠಾತ್ ಹಾನಿಯೆಂದು ಪರಿಗಣಿಸಬೇಕೆಂಬ ಅಂತರರಾಷ್ಟ್ರೀಯ ಸೂತ್ರ 2012ರಿಂದ ಜಾರಿಯಲ್ಲಿದೆ. ಆ ಸೂತ್ರದಲ್ಲಿ ‘ನಾರ್ಮಲ್’ ಎಂಬ ಮಾತಿಗೆ ಜಾಗವೇ ಇಲ್ಲ. ನಿಮ್ಮ ಇಂದಿನ ಅಂಕಿಯನ್ನು ನಿಮ್ಮದೇ ಹಿಂದಿನ ಅಂಕಿಯೊಂದಿಗೆ ಹೋಲಿಸುವುದಷ್ಟೇ ಅದರ ಕೆಲಸ.

ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳನ್ನು ಎಣಿಸುವ ಸಾಮಾನ್ಯ ಪರೀಕ್ಷೆಯಲ್ಲಿಯೂ ಹೀಗೆಯೇ. 2024ರ ಕೊನೆಗೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಆರೋಗ್ಯವಂತರ ಹಳೆಯ ದಾಖಲೆಗಳನ್ನು ಕೆದಕಿ, ಪ್ರತಿಯೊಬ್ಬರ ರಕ್ತಕಣಗಳ ಎಣಿಕೆಯೂ ಅವರವರದೇ ಕಿರಿದಾದ ಪಟ್ಟಿಯೊಳಗೆ ದಶಕಗಳ ಕಾಲ ನಿಲ್ಲುತ್ತದೆ ಎಂದು ತೋರಿಸಿತು. ನನಗಿದು ಬಹಳ ಸಂತೋಷ ಕೊಟ್ಟ ಸುದ್ದಿ. ಹೊಸ ಯಂತ್ರ ಬೇಡ, ಹೊಸ ರಾಸಾಯನಿಕ ಬೇಡ. ಅಗ್ಗದ, ಹಳೆಯ ಪರೀಕ್ಷೆಯನ್ನೇ ಬೇರೆ ಕಣ್ಣಿನಿಂದ ಓದಿದರಾಯಿತು.

ಈಗ ಹೃದಯಕ್ಕೆ ಬರೋಣ. ಗೆರೆಯ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ.

[ದೃಶ್ಯ: ತುರ್ತು ಚಿಕಿತ್ಸಾ ವಿಭಾಗ. ಗೋಡೆ ಗಡಿಯಾರ. ತೋಳಿನಿಂದ ರಕ್ತ ತೆಗೆಯುತ್ತಿರುವ ದೃಶ್ಯ.]

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಹಿಂದಿನ ಪರೀಕ್ಷೆಗಳಿಗೆ ಅದು ಸಾಕಷ್ಟು ಸೋರಿದ ಮೇಲಷ್ಟೇ ಕಾಣುತ್ತಿತ್ತು. ಎದೆನೋವೆಂದು ಬಂದವರನ್ನು ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಮಲಗಿಸಿಕೊಂಡು ಕಾಯಬೇಕಾಗಿತ್ತು. ಈಗಿನ ಅತಿಸೂಕ್ಷ್ಮ ಟ್ರೋಪೋನಿನ್ ಪರೀಕ್ಷೆ ಲೀಟರಿಗೆ ಕೆಲವೇ ನ್ಯಾನೋಗ್ರಾಮುಗಳನ್ನು ಅಳೆಯುತ್ತದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಇಷ್ಟು ಸೂಕ್ಷ್ಮವಾದಾಗ ಏನಾಯಿತು? ಆರೋಗ್ಯವಂತರ ರಕ್ತದಲ್ಲಿಯೂ ಟ್ರೋಪೋನಿನ್ ಕಾಣತೊಡಗಿತು. ‘ಇದೆಯೇ, ಇಲ್ಲವೇ’ ಎಂಬ ಹಳೆಯ ಪ್ರಶ್ನೆ ಬಿದ್ದುಹೋಯಿತು. ಅದರ ಜಾಗಕ್ಕೆ ‘ಏರುತ್ತಿದೆಯೇ’ ಎಂಬ ಪ್ರಶ್ನೆ ಬಂತು.

ಯುರೋಪಿನ ಹೃದ್ರೋಗ ತಜ್ಞರ ಸಂಘ 2015ರಲ್ಲಿ ಮಾರ್ಗಸೂಚಿಗೆ ಸೇರಿಸಿದ ವಿಧಾನ ಹೀಗಿದೆ: ಬಂದ ಕೂಡಲೇ ಒಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ ರಕ್ತ ತೆಗೆಯುವುದು. ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಟ್ರೋಪೋನಿನ್-ಟಿ ಪರೀಕ್ಷೆಯ ಅಂಕಿಗಳನ್ನು ಹಿಡಿದು ಮೂವರನ್ನು ನೋಡೋಣ. ಈ ಪರೀಕ್ಷೆಯಲ್ಲಿ ಮೇಲಿನ ಮಿತಿ 14.

[ದೃಶ್ಯ: ಪರದೆಯ ಮೇಲೆ ಮೂರು ಸಾಲು. 9 ರಿಂದ 10. 9 ರಿಂದ 16. 40 ರಿಂದ 41.]

ಮೊದಲನೆಯವರದು 9, ಗಂಟೆಯ ನಂತರ 10. ಆರಂಭದ ಅಂಕಿ 12ಕ್ಕಿಂತ ಕಡಿಮೆ, ಏರಿಕೆ 3ಕ್ಕಿಂತ ಕಡಿಮೆ. ಇಸಿಜಿ ಮತ್ತು ದೇಹಸ್ಥಿತಿಯೂ ಇದಕ್ಕೆ ಹೊಂದಿದರೆ ಹೃದಯಾಘಾತದ ಸಂಭವ ತೀರಾ ಕಡಿಮೆ. ಎರಡನೆಯವರದೂ ಆರಂಭದಲ್ಲಿ 9. ಗಂಟೆಯ ನಂತರ 16. ಒಂದೇ ಗಂಟೆಯಲ್ಲಿ 7ರ ಏರಿಕೆ. 5 ಏರಿದರೇ ಅಪಾಯದ ಗುಂಪಿಗೆ ಸೇರಿಸಬೇಕು, ಆದ್ದರಿಂದ ಇವರ ಚಿಕಿತ್ಸೆ ತಡವಾಗಬಾರದು. ಗಮನಿಸಿ, ಮೊದಲ ಸಲ ಇವರಿಬ್ಬರ ಅಂಕಿಯೂ ಒಂದೇ ಆಗಿತ್ತು. ಮೂರನೆಯವರು ಬಹುಕಾಲದಿಂದ ಮೂತ್ರಪಿಂಡದ ಕಾಯಿಲೆ ಇರುವವರು. ಅವರದು 40, ಆಮೇಲೆ 41. ಮಿತಿಗಿಂತ ಎಷ್ಟೋ ಮೇಲಿದೆ, ರಿಪೋರ್ಟಿನಲ್ಲಿ ದಪ್ಪಕ್ಷರ ಖಂಡಿತ. ಆದರೆ ಅಂಕಿ ಕದಲಿಲ್ಲ. ಇವರನ್ನು ನಿಗಾದಲ್ಲಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ, ತೀವ್ರ ಸೋಂಕು, ಮ್ಯಾರಥಾನ್ ಓಟ, ಇವೆಲ್ಲವೂ ಟ್ರೋಪೋನಿನ್ ಏರಿಸುತ್ತವೆ.

ಈ ಅಂಕಿಗಳು ಆ ಒಂದು ಪರೀಕ್ಷೆಗೆ ಮಾತ್ರ ಸೇರಿದವು. ಬೇರೆ ತಯಾರಕರ ಪರೀಕ್ಷೆಗೆ ಬೇರೆ ಅಂಕಿಗಳಿವೆ. ಎದೆನೋವು ಬಂದಾಗ ಇವನ್ನು ಹಿಡಿದು ಮನೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.

ಮರೆವಿನ ಕಾಯಿಲೆಯ ಪರೀಕ್ಷೆಯಲ್ಲಿ ಗೆರೆ ಇನ್ನೊಂದು ರೀತಿಯಲ್ಲಿ ಒಡೆದಿದೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಇದನ್ನು ತಿಳಿಯಲು ದುಬಾರಿ ಪೆಟ್ ಸ್ಕ್ಯಾನ್ ಬೇಕಿತ್ತು, ಇಲ್ಲವೇ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿ ಚುಚ್ಚಿ ತೆಗೆಯಬೇಕಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕಾಗಿ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ಪಿ-ಟಾವ್ 217 ಮತ್ತು ಅಮಿಲಾಯ್ಡ್ ಪ್ರೋಟೀನುಗಳ ಅನುಪಾತವನ್ನು ಅಳೆಯುತ್ತದೆ. 499 ಮಾದರಿಗಳ ಅಧ್ಯಯನದಲ್ಲಿ ಪಾಸಿಟಿವ್ ಎಂದವುಗಳಲ್ಲಿ ಶೇಕಡಾ 91.7 ಸರಿಯಿದ್ದವು, ನೆಗೆಟಿವ್ ಎಂದವುಗಳಲ್ಲಿ ಶೇಕಡಾ 97.3. ಉಳಿದವು, ಶೇಕಡಾ 20ಕ್ಕಿಂತ ಸ್ವಲ್ಪ ಕಡಿಮೆ, ‘ಹೇಳಲಾಗದು’ ಎಂಬ ನಡುವಿನ ಗುಂಪಿಗೆ ಹೋದವು. ಈ ಮೂರನೆಯ ಗುಂಪನ್ನು ಕೆಲವರು ಪರೀಕ್ಷೆಯ ಕೊರತೆ ಎನ್ನುತ್ತಾರೆ. ನನಗೆ ಅದೇ ಅದರ ಪ್ರಾಮಾಣಿಕತೆ. ಅನುಮಾನವಿದ್ದವರಿಗೂ ಬಲವಂತವಾಗಿ ಹೌದು ಅಥವಾ ಅಲ್ಲ ಎಂದು ಮುದ್ರೆ ಒತ್ತುವುದಕ್ಕಿಂತ, ಇವರಿಗೆ ಮುಂದಿನ ಪರೀಕ್ಷೆ ಬೇಕು ಎಂದು ಹೇಳುವುದು ಎಷ್ಟೋ ಮೇಲು. ಈ ಪರೀಕ್ಷೆ ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ಕುತೂಹಲಕ್ಕೆ ಮಾಡಿಸುವಂಥದ್ದಲ್ಲ.

ಲಕ್ಷಣವೇ ಇಲ್ಲದವರನ್ನು ಪರೀಕ್ಷಿಸಿದರೆ ಏನಾಗುತ್ತದೆ? ಅದನ್ನು ತಿಳಿಯಲು ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ನೋಡಬೇಕು.

[ದೃಶ್ಯ: ಅನಿಮೇಷನ್. ಸಾಯುತ್ತಿರುವ ಜೀವಕೋಶದಿಂದ ಡಿಎನ್‌ಎ ತುಣುಕುಗಳು ರಕ್ತನಾಳಕ್ಕೆ ಬೀಳುತ್ತಿವೆ.]

ಜೀವಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ತುಂಡಾಗಿ ರಕ್ತಕ್ಕೆ ಬೀಳುತ್ತದೆ. ರಕ್ತದಲ್ಲಿ ಹೀಗೆ ಬಿಡಿ ಡಿಎನ್‌ಎ ಇರುತ್ತದೆ ಎಂಬುದು 1948ರಷ್ಟು ಹಿಂದೆಯೇ ಗೊತ್ತಿತ್ತು. ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಕೂಡ ಇರುತ್ತದೆ ಎಂದು ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರ ಹೊತ್ತಿಗೆ ಅದು ಡೌನ್ ಸಿಂಡ್ರೋಮಿನ ತಪಾಸಣೆಯಾಗಿ ಬಳಕೆಗೆ ಬಂತು. ಕ್ಯಾನ್ಸರ್ ಗಡ್ಡೆಗಳೂ ಹೀಗೆಯೇ ತಮ್ಮ ಚೂರುಗಳನ್ನು ಬಿಡುತ್ತವೆ.

2024ರ ಜುಲೈನಲ್ಲಿ ಎಫ್‌ಡಿಎ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಶೀಲ್ಡ್ ಎಂಬ ರಕ್ತ ಪರೀಕ್ಷೆಯನ್ನು ಒಪ್ಪಿತು. ಅದು ನೂರು ಕ್ಯಾನ್ಸರುಗಳಲ್ಲಿ 83ನ್ನು ಹಿಡಿಯುತ್ತದೆ. ಆದರೆ ಕ್ಯಾನ್ಸರಾಗಿ ಬೆಳೆಯಬಹುದಾದ ದೊಡ್ಡ ಗಂಟುಗಳಲ್ಲಿ ಹಿಡಿಯುವುದು ಶೇಕಡಾ 13 ಮಾತ್ರ. ಕ್ಯಾನ್ಸರ್ ಇಲ್ಲದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಈಗ ಲೆಕ್ಕ ಹಾಕಿ. ಯಾವ ಲಕ್ಷಣವೂ ಇಲ್ಲದ ಸಾವಿರ ಜನ, ಅವರಲ್ಲಿ ಐವರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಐವರಲ್ಲಿ ನಾಲ್ವರು ಸಿಗುತ್ತಾರೆ. ಉಳಿದ 995 ಜನರಲ್ಲಿ ನೂರರಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಎಂಬ ಕಾಗದ ಹಿಡಿದ ನೂರನಾಲ್ಕು ಜನರಲ್ಲಿ ನಿಜವಾಗಿ ಕ್ಯಾನ್ಸರ್ ಇರುವುದು ನಾಲ್ವರಿಗೆ. ಹಾಗೆಂದು ಪರೀಕ್ಷೆ ನಿಷ್ಪ್ರಯೋಜಕವಲ್ಲ. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಗೆ ಒಪ್ಪದೆ ಏನನ್ನೂ ಮಾಡಿಸದೆ ಕುಳಿತವರಿಗೆ ಇದು ಉಪಕಾರಿ. ಆದರೆ ಪಾಸಿಟಿವ್ ಬಂದವರು ಕೊಲೊನೊಸ್ಕೋಪಿ ಮಾಡಿಸಲೇಬೇಕು.

ಇದೇ ಡಿಎನ್‌ಎ ಚೂರುಗಳ ವಿಧಾನವನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಲ್ಲಿ ಬಳಸಿದಾಗ ಚಿತ್ರ ಬೇರೆಯೇ ಆಗುತ್ತದೆ. ಅಲ್ಲಿ ಗಡ್ಡೆಯ ಗುರುತು ಮೊದಲೇ ಗೊತ್ತಿರುತ್ತದೆ. ಅದು ರಕ್ತದಲ್ಲಿ ಇನ್ನೂ ಉಳಿದಿದೆಯೇ ಎಂದಷ್ಟೇ ನೋಡಬೇಕು. ಆಸ್ಟ್ರೇಲಿಯಾದ ಡೈನಮಿಕ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ದೊಡ್ಡ ಕರುಳಿನ ಎರಡನೇ ಹಂತದ ಕ್ಯಾನ್ಸರ್ ಇದ್ದವರಿಗೆ ಶಸ್ತ್ರಚಿಕಿತ್ಸೆಯ ನಂತರ ಈ ಪರೀಕ್ಷೆ ನೋಡಿ ಕೀಮೋಥೆರಪಿ ನಿರ್ಧರಿಸಿದಾಗ, ಶೇಕಡಾ 15 ಜನರಿಗೆ ಮಾತ್ರ ಕೀಮೋ ಕೊಡಬೇಕಾಯಿತು. ಎಂದಿನ ವಿಧಾನದಲ್ಲಿ ಅದು ಶೇಕಡಾ 28. ಎರಡು ವರ್ಷಗಳ ನಂತರ ಕಾಯಿಲೆ ಮರಳದೆ ಇದ್ದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ, ಶೇಕಡಾ 93.5 ಮತ್ತು 92.4. ಅಷ್ಟು ಜನ ವಾಂತಿ, ಸುಸ್ತು, ಕೈಕಾಲು ಜೋಮು, ಇವುಗಳಿಂದ ಪಾರಾದರು. ಹೊಸ ಪರೀಕ್ಷೆಗಳಿಂದ ನಾನು ಬಯಸುವುದು ಇಂಥ ಫಲವನ್ನು.

ಬದಲಾವಣೆಯನ್ನೇ ಓದುವುದಾದರೆ ಒಂದು ತೊಡಕಿದೆ. ದೇಹದಲ್ಲಿ ಏನೂ ಆಗದಿದ್ದರೂ ಟ್ಯೂಬಿನಲ್ಲಿ ಏನಾದರೂ ಆಗಿ ಅಂಕಿ ಬದಲಾಗಬಹುದು.

[ದೃಶ್ಯ: ನೇರಳೆ ಮುಚ್ಚಳದ ಟ್ಯೂಬು, ಪಕ್ಕದಲ್ಲಿ ಕೆಂಪು ಮುಚ್ಚಳದ್ದು.]

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ವಸ್ತು ಇರುತ್ತದೆ. ಅದು ಪೊಟ್ಯಾಸಿಯಂ ಲವಣ. ಅದರ ಒಂದು ಹನಿ ಕೆಂಪು ಮುಚ್ಚಳದ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ರಕ್ತಕಣಗಳನ್ನು ದ್ರವದಿಂದ ಬೇರ್ಪಡಿಸದೆ ಬಿಟ್ಟರೆ ಅವು ಟ್ಯೂಬಿನೊಳಗೇ ಸಕ್ಕರೆಯನ್ನು ತಿನ್ನುತ್ತವೆ, ಗಂಟೆಗೆ ಶೇಕಡಾ 5ರಿಂದ 7ರಷ್ಟು. ಡಿಎನ್‌ಎ ಚೂರುಗಳ ಪರೀಕ್ಷೆಯಲ್ಲಂತೂ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿದರೆ ಹುಡುಕುವ ಚೂರು ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಕೋಟಿ ಬೆಲೆಯ ಯಂತ್ರದ ನಿಖರತೆ, ಸೂಜಿ ಹಿಡಿದವರ ಶಿಸ್ತನ್ನೇ ನಂಬಿ ನಿಂತಿದೆ. ರಕ್ತ ತೆಗೆಯುವ ತಂತ್ರಜ್ಞರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಪಾಲಿನ ಕೆಲಸವೂ ಸ್ವಲ್ಪ ಇದೆ. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ, ದಿನದ ಅದೇ ಹೊತ್ತಿಗೆ ಪರೀಕ್ಷೆ ಮಾಡಿಸಿ. ಎರಡು ಲ್ಯಾಬುಗಳ ಅಂಕಿಗಳನ್ನು ಹೋಲಿಸುವ ಮುನ್ನ ಅಳತೆಯ ಮಾನ ಒಂದೇ ಇದೆಯೇ ನೋಡಿ.

ಇನ್ನೊಂದು ಮಾತು, ಇದನ್ನು ಕೇಳುವವರೇ ಕಡಿಮೆ. ಕೂದಲು, ಉಗುರು ಚೆನ್ನಾಗಿರಲೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆ. ದೇಹಕ್ಕೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೋಗ್ರಾಂ. ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು ಇರುವುದುಂಟು. ಹಲವು ಹಾರ್ಮೋನ್ ಪರೀಕ್ಷೆಗಳ ಮತ್ತು ಟ್ರೋಪೋನಿನ್ ಪರೀಕ್ಷೆಗಳ ರಾಸಾಯನಿಕದಲ್ಲಿ ಬಯೋಟಿನ್ನೇ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ತುಂಬಿ ತುಳುಕಿದರೆ ಟ್ರೋಪೋನಿನ್ ಇದ್ದದ್ದಕ್ಕಿಂತ ಕಡಿಮೆ ತೋರಬಹುದು ಎಂದು ಎಫ್‌ಡಿಎ 2017ರಲ್ಲಿಯೇ ಎಚ್ಚರಿಸಿತ್ತು. ಆಮೇಲೆ ಹಲವು ತಯಾರಕರು ಪರೀಕ್ಷೆಗಳನ್ನು ತಿದ್ದಿದ್ದಾರೆ, ಎಲ್ಲವೂ ಬದಲಾಗಿಲ್ಲ. ಆದ್ದರಿಂದ ರಕ್ತ ಕೊಡುವ ಮುನ್ನ, ಅವರು ಕೇಳದಿದ್ದರೂ, ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಿ. ವಿಟಮಿನ್ ಮಾತ್ರೆಯನ್ನೂ ಬಿಡಬೇಡಿ.