ನೀರಿಗೆ ಬಿದ್ದ ಪೆಟ್ಟು: ನೋವು ಯಾವಾಗ ಶುರುವಾಯಿತು?

ಕೇಳುಗರಿಗೆ ನಮಸ್ಕಾರ.

ಅಡಿಕೆ ಮರದಿಂದ ಒಬ್ಬ ಬಿದ್ದರೆ ಇಡೀ ಊರು ಓಡಿ ಬರುತ್ತದೆ. ನೀರಿಗೆ ಬಿದ್ದವನನ್ನು ಕಂಡರೆ ನಾವು ನಗುತ್ತೇವೆ. ನೀರು ಮೆತ್ತಗೆ, ಅದರಲ್ಲಿ ಪೆಟ್ಟಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಸಂಕದ ಮೇಲಿಂದ ಹೊಳೆಗೆ ಹಾರಿ, ಹೊಟ್ಟೆ ಅಡಿಯಾಗಿ ಬಿದ್ದ ಹುಡುಗರನ್ನು ಒಮ್ಮೆ ಕೇಳಿ ನೋಡಿ. ಚರ್ಮ ಕೆಂಪಾಗಿ ಉರಿಯುತ್ತದೆ. ಉಸಿರು ಸಿಕ್ಕಿಕೊಂಡು ಸ್ವಲ್ಪ ಹೊತ್ತು ಮಾತೇ ಹೊರಡುವುದಿಲ್ಲ.

ನಾನು ಫಿಸಿಯೋಥೆರಪಿ ಮಾಡುವವಳು. ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯವರು ಮೈಕೈ ನೋವು, ಉಳುಕು, ಸೊಂಟ ನೋವು ಎಂದು ನನ್ನ ಹತ್ತಿರ ಬರುತ್ತಾರೆ. ಇವತ್ತು ನಾನು ಮಾತಾಡುವುದು ವೇಕ್‌ಬೋರ್ಡಿಂಗ್, ಅಂದರೆ ದೋಣಿ ಎಳೆಯುವ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟದಲ್ಲಿ ಜೋರಾಗಿ ಬಿದ್ದಾಗ ಆಗುವ ಪೆಟ್ಟುಗಳ ಬಗ್ಗೆ.

ಕಾಸರಗೋಡಿನವರಿಗೆ ಈ ಆಟದ ಸುದ್ದಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಎಷ್ಟು ಮನೆಗಳಲ್ಲಿ ಮಗನೋ ಅಳಿಯನೋ ದುಬೈಯಲ್ಲೋ ಅಬುಧಾಬಿಯಲ್ಲೋ ಇಲ್ಲ, ಹೇಳಿ? ಅಲ್ಲಿ ರಜೆಯ ದಿನ ಗೆಳೆಯರ ಜೊತೆ ಸಮುದ್ರಕ್ಕೆ ಹೋಗುತ್ತಾರೆ. ದೋಣಿಯ ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ನಿಲ್ಲುತ್ತಾರೆ. ಫೋನಿನಲ್ಲಿ ವಿಡಿಯೋ ಬರುತ್ತದೆ, ಮನೆಯವರೆಲ್ಲ ನೋಡಿ ಖುಷಿಪಡುತ್ತಾರೆ. ಬಿದ್ದ ವಿಡಿಯೋ ಮಾತ್ರ ಬರುವುದಿಲ್ಲ. ರಜೆಗೆ ಊರಿಗೆ ಬಂದಾಗ ಕುತ್ತಿಗೆ ತಿರುಗುತ್ತಿಲ್ಲ, ಭುಜ ಏಳುತ್ತಿಲ್ಲ ಎಂದು ಗೊತ್ತಾಗುತ್ತದೆ. ಮತ್ತೆ, ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ವಲಿಯಪರಂಬದ ಹಿನ್ನೀರಿನಲ್ಲಿ ಈಗಾಗಲೇ ದೋಣಿಮನೆಗಳು ಓಡಾಡುತ್ತಿವೆ. ಇಂಥ ಆಟಗಳು ನಮ್ಮ ನೀರಿಗೂ ಇಳಿಯುವ ಕಾಲ ದೂರ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲು, ಪೆಟ್ಟು ಹೇಗೆ ಆಗುತ್ತದೆ ಎಂದು ನೋಡೋಣ. 1922ರಲ್ಲಿ ಅಮೆರಿಕದ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಎರಡು ಹಲಗೆ ಕಾಲಿಗೆ ಕಟ್ಟಿಕೊಂಡು ಪೆಪಿನ್ ಎಂಬ ಸರೋವರದಲ್ಲಿ ದೋಣಿಯ ಹಿಂದೆ ಜಾರಿದ. ಅದು ವಾಟರ್ ಸ್ಕೀಯಿಂಗ್. ಅದರಲ್ಲಿ ಒಂದೊಂದು ಕಾಲಿಗೆ ಒಂದೊಂದು ಹಲಗೆ. ಜೋರಾಗಿ ಬಿದ್ದರೆ ಹಲಗೆ ಸಾಮಾನ್ಯವಾಗಿ ಕಾಲಿನಿಂದ ಕಳಚಿಕೊಳ್ಳುತ್ತದೆ. ವೇಕ್‌ಬೋರ್ಡಿಂಗ್ ಬಂದದ್ದು ಎಷ್ಟೋ ವರ್ಷ ಕಳೆದು, 1980ರ ದಶಕದಲ್ಲಿ. ಇದರಲ್ಲಿ ಎರಡೂ ಕಾಲು ಒಂದೇ ಹಲಗೆಗೆ, ಬೂಟಿನಂಥ ಪಟ್ಟಿಯಲ್ಲಿ ಬಿಗಿಯಾಗಿ ಸಿಕ್ಕಿರುತ್ತವೆ. ಬಿದ್ದರೂ ಅದು ಸುಲಭಕ್ಕೆ ಕಳಚುವುದಿಲ್ಲ.

ಈಗ ದೋಣಿ ಗಂಟೆಗೆ 30ರಿಂದ 35 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಿದೆ ಎಂದುಕೊಳ್ಳಿ. ಅಂದರೆ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಜಾಸ್ತಿ. ಹಲಗೆ ಸ್ವಲ್ಪ ಓರೆಯಾಗಿ, ಮುಂದಿನ ಅಂಚು ನೀರಿಗೆ ಕಚ್ಚಿಕೊಳ್ಳುತ್ತದೆ. ಹಲಗೆ ಅಲ್ಲೇ ನಿಂತಿತು, ಕಾಲೂ ನಿಂತಿತು. ಮೈ ಮಾತ್ರ ಅದೇ ವೇಗದಲ್ಲಿ ಹೋಗುತ್ತಿದೆ. ಕಾಲು ಬೇರೂರಿದ ಹಾಗೆ ಇರುವಾಗ ಎಲ್ಲಕ್ಕಿಂತ ದೂರ ಇರುವ ತಲೆ ಎಲ್ಲಕ್ಕಿಂತ ಜೋರಾಗಿ ಬೀಸಿ ನೀರಿಗೆ ಬಡಿಯುತ್ತದೆ. ಕೈ ಊರಲು ಸಮಯವೇ ಸಿಗುವುದಿಲ್ಲ. ವಾಟರ್ ಸ್ಕೀಯಲ್ಲಿ ಕಾಲಿಗೆ ಪೆಟ್ಟಾಗುವುದು ಜಾಸ್ತಿ, ವೇಕ್‌ಬೋರ್ಡಿನಲ್ಲಿ ತಲೆ, ಮುಖ, ಕುತ್ತಿಗೆಗೆ ಜಾಸ್ತಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಷ್ಟು ವೇಗದಲ್ಲಿ ಬಡಿದಾಗ ಸರಿದು ಜಾಗ ಬಿಡಲು ನೀರಿಗೆ ಪುರುಸೊತ್ತು ಇರುವುದಿಲ್ಲ.

ಇಂಥ ಪೆಟ್ಟು ತಿಂದು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ. ನೋವು ಯಾವಾಗ ಶುರುವಾಯಿತು? ಬಿದ್ದ ಕ್ಷಣಕ್ಕಾ, ಮರುದಿನ ಬೆಳಿಗ್ಗೆಯಾ? ಬೇರೆ ಪ್ರಶ್ನೆಗಳು ಆಮೇಲೆ. ಈ ಉತ್ತರದಿಂದ ಅರ್ಧ ದಾರಿ ಸ್ಪಷ್ಟವಾಗುತ್ತದೆ.

ಮರುದಿನದ ನೋವು ಹೆಚ್ಚಾಗಿ ಸ್ನಾಯುಗಳದ್ದು. ಆಡಿ ಬಂದ ದಿನ ರಾತ್ರಿ ಚೆನ್ನಾಗಿ ಊಟ ಮಾಡಿ ಮಲಗಿದ್ದಾನೆ. ಬೆಳಿಗ್ಗೆ ಎದ್ದರೆ ಮುಂಗೈ ಮುಷ್ಟಿ ಕಟ್ಟಲು ಬರುವುದಿಲ್ಲ, ಬೆನ್ನು ಬಗ್ಗುವುದಿಲ್ಲ, ಮೆಟ್ಟಲು ಇಳಿಯುವಾಗ ತೊಡೆ ಕಿರುಚುತ್ತದೆ. ಇಂಥ ನೋವು ಸಾಮಾನ್ಯವಾಗಿ 12ರಿಂದ 24 ಗಂಟೆ ಕಳೆದು ಶುರುವಾಗಿ, ಎರಡನೇ ಮೂರನೇ ದಿನ ಏರಿ, ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಎಂದು ಜಿಮ್ಮಿನ ಹುಡುಗರು ಹೇಳುತ್ತಾರೆ, ಅದು ಸರಿಯಲ್ಲ. ಆ ಆಮ್ಲ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಡುತ್ತದೆ. ಅಭ್ಯಾಸ ಇಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಆಗುತ್ತದೆ. ಅದನ್ನು ಮೈ ರಿಪೇರಿ ಮಾಡಿಕೊಳ್ಳುವಾಗ ಆಗುವ ನೋವು ಇದು.

ಹೊಸಬರಿಗೆ ಮುಂಗೈ ನೋವು ಜಾಸ್ತಿ. ದೋಣಿ ಹೊರಟ ಕೂಡಲೇ ಅವರು ಕೈ ಮಡಚಿ ಹಗ್ಗವನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಕೈ ನೀಳವಾಗಿಟ್ಟು, ಮೊಣಕಾಲು ಮಡಚಿ ಕೂತರೆ ದೋಣಿಯೇ ಎಬ್ಬಿಸುತ್ತದೆ. ಇದನ್ನು ಕಲಿತವರಿಗೆ ಕೈನೋವು ಎಷ್ಟೋ ಕಡಿಮೆ.

ಈ ನೋವಿಗೆ ನಮ್ಮ ಮನೆಮದ್ದು ಚೆನ್ನಾಗಿಯೇ ಒಗ್ಗುತ್ತದೆ. ಬಿಸಿನೀರಿನ ಸ್ನಾನ, ಎಣ್ಣೆ ಹಚ್ಚಿ ಹಗುರವಾಗಿ ನೀವುವುದು, ಸ್ವಲ್ಪ ನಡೆಯುವುದು, ಒಳ್ಳೆಯ ನಿದ್ದೆ, ಅಷ್ಟು ಸಾಕು. ಪೂರ್ತಿ ಮಲಗಿಬಿಟ್ಟರೆ ಮೈ ಇನ್ನಷ್ಟು ಹಿಡಿಯುತ್ತದೆ. ಒಂದನ್ನು ಮಾತ್ರ ನೋಡಿಕೊಳ್ಳಿ. ಸ್ನಾಯು ನೋವು ತಡೆಯಲಾರದಷ್ಟು ಇದ್ದು, ಮೂತ್ರ ಕಟ್ಟನ್ ಚಹಾದ, ಅಂದರೆ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಕೂರಬೇಡಿ. ಸ್ನಾಯು ತುಂಬಾ ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದು ಅರ್ಥ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಿದ್ದ ಕ್ಷಣಕ್ಕೇ ಶುರುವಾದ ನೋವು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಮುರಿವೆಣ್ಣೆ ಎಂಬ ಆಯುರ್ವೇದದ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕುವುದು ನಮ್ಮ ಕಡೆ ಎಲ್ಲಾ ಪೆಟ್ಟಿಗೂ ಮೊದಲ ಮದ್ದು. ಮಳೆಗಾಲದ ಆಟಿ ತಿಂಗಳಲ್ಲಿ ಉಳಿಚ್ಚಿಲ್, ಅಂದರೆ ಎಣ್ಣೆ ಹಚ್ಚಿ ಮೈ ನೀವುವ ಚಿಕಿತ್ಸೆ ಮಾಡಿಸಿಕೊಂಡು ಹಾಯಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಣ್ಣೆಯ ಮೇಲೆ ನನ್ನ ದೂರಿಲ್ಲ. ಆದರೆ ಈಗ ತಾನೇ ಹರಿದ ಸ್ನಾಯುವನ್ನೋ ಎಲುಬುಗಳನ್ನು ಹಿಡಿದಿಡುವ ಕೀಲಿನ ಕಟ್ಟನ್ನೋ ತಿಕ್ಕಿದರೆ ಒಳಗಿನ ರಕ್ತಸ್ರಾವ ಜಾಸ್ತಿ ಆಗುತ್ತದೆ, ಬಾವು ಏರುತ್ತದೆ. ಎಲುಬಿನಲ್ಲಿ ಸೀಳು ಇದ್ದರೆ ಅದು ಜರುಗಲೂಬಹುದು. ಮೊದಲ ಎರಡು ದಿನ ತಿಕ್ಕುವುದು ಬೇಡ, ಬಿಸಿ ಶಾಖ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಕಾಲಾದರೆ ದಿಂಬಿನ ಮೇಲೆ ಎತ್ತಿಡಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ ಎಕ್ಸ್‌ರೇ ಬೇಕು. ಮೊಣಕಾಲಿನಲ್ಲಿ ಟಪ್ ಎಂದು ಕೇಳಿಸಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಒಳಗಿನ ಕಟ್ಟು ಹರಿದಿರುವ ಸಾಧ್ಯತೆ ದೊಡ್ಡದು. ಭುಜ ಜಾರಿದರೆ ಎಳೆದು ಕೂರಿಸಲು ಯಾರಿಗೂ ಬಿಡಬೇಡಿ. ನರಕ್ಕೆ, ರಕ್ತನಾಳಕ್ಕೆ ಪೆಟ್ಟಾದರೆ ಕೈಯ ಬಲವೇ ಹೋಗಬಹುದು. ಪಕ್ಕೆಲುಬಿಗೆ ಪೆಟ್ಟಾದರೆ ಎದೆಗೆ ಬಟ್ಟೆ ಬಿಗಿದು ಕಟ್ಟುವವರಿದ್ದಾರೆ, ಅದೂ ಬೇಡ. ಉಸಿರು ಪೂರ್ತಿ ಎಳೆಯಲು ಆಗದೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕು ಬರಬಹುದು.

ಕಿವಿಯ ವಿಷಯ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಪ್ರೀತಿಯಿಂದಲೇ ಅನಾಹುತ ಆಗುತ್ತದೆ. ಪಕ್ಕಕ್ಕೆ ಬಿದ್ದಾಗ ಕಿವಿಯ ಮೇಲೆ ನೀರು ಚಪ್ಪಟೆಯಾಗಿ ಬಡಿಯುತ್ತದೆ. ಕಿವಿಯ ದಾರಿಯಲ್ಲಿದ್ದ ಗಾಳಿಗೆ ಹೊರಗೆ ಹೋಗಲು ಜಾಗ ಇಲ್ಲ. ಅದು ತಮ್ಮಟೆಯನ್ನು ಒತ್ತಿ ಒಡೆಯುತ್ತದೆ. ಚುರುಕ್ ಎಂದು ನೋವು, ಗುಂಯ್ ಎಂಬ ಶಬ್ದ, ಕಿವಿ ಮಂದ. ಕೆಲವರಿಗೆ ತಲೆ ತಿರುಗುತ್ತದೆ, ಒಂದು ಹನಿ ರಕ್ತ ಕಾಣುತ್ತದೆ. ಹೀಗೆ ಆಗಿ ಊರಿಗೆ ಬಂದ ಹುಡುಗನೊಬ್ಬನಿಗೆ ಅವನ ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಿದ್ದರು. "ಕಿವಿಗೆ ನೀರು ಹೋಗಿರಬೇಕು ಅಂತ ಎಣ್ಣೆ ಬಿಟ್ಟೆ ಮೇಡಂ, ನನ್ನಮ್ಮನೂ ಹಾಗೇ ಮಾಡ್ತಿದ್ದರು" ಎಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ತಮ್ಮಟೆ ತೂತಾಗಿದ್ದರೆ ಆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ, ಜೊತೆಗೆ ಸೋಂಕನ್ನೂ ಒಯ್ಯುತ್ತದೆ. ಹೊರಗಿನಿಂದ ನೋಡಿ ತೂತು ಇದೆಯೋ ಇಲ್ಲವೋ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕೆ ನೀರಿನ ಪೆಟ್ಟು ತಿಂದ ಕಿವಿಗೆ ಎಣ್ಣೆ ಬೇಡ, ಅಂಗಡಿಯಿಂದ ತಂದ ಡ್ರಾಪ್ಸ್ ಬೇಡ, ಬೆಂಕಿಕಡ್ಡಿ ಬೇಡವೇ ಬೇಡ. ಕಿವಿ ಒಣಗಿರಲಿ. ಕಿವಿಯ ಡಾಕ್ಟರಿಗೆ ತೋರಿಸಿ. ಸಣ್ಣ ತೂತು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟು ಸಮಯ ನಾವು ಅದನ್ನು ಸುಮ್ನೆ ಬಿಡಬೇಕು, ಅಷ್ಟೆ.

ಇನ್ನು ತಲೆ. "ಎಚ್ಚರ ತಪ್ಪಲಿಲ್ಲ, ಹಾಗಾಗಿ ಏನೂ ಆಗಿಲ್ಲ" ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಎಚ್ಚರ ತಪ್ಪದೆಯೂ ಮಿದುಳಿಗೆ ಆಘಾತ ಆಗುತ್ತದೆ. ಹೆಚ್ಚಿನವರಿಗೆ ಎಚ್ಚರ ತಪ್ಪಿರುವುದೇ ಇಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ, ಬಿದ್ದದ್ದು ನೆನಪಿಲ್ಲ, ಬೆಳಕು ಕಂಡರೆ ಆಗುವುದಿಲ್ಲ, ಮಂಕಾಗಿದ್ದಾನೆ. ಇಷ್ಟು ಕಂಡರೆ ಅವತ್ತಿನ ಆಟ ಮುಗಿಯಿತು. ಇನ್ನೊಂದು ಸಲ ಹೋಗುತ್ತೇನೆ ಎಂದು ಎಷ್ಟು ಹಟ ಮಾಡಿದರೂ ಬಿಡಬೇಡಿ. ಆಘಾತಗೊಂಡ ಮಿದುಳಿಗೆ ಬೀಳುವ ಎರಡನೇ ಪೆಟ್ಟು ಮೊದಲನೆಯದಕ್ಕಿಂತ ತುಂಬಾ ಅಪಾಯದ್ದು.

ಮತ್ತೆ ಮತ್ತೆ ವಾಂತಿ, ಏರುತ್ತಾ ಹೋಗುವ ತಲೆನೋವು, ತೊದಲುವ ಮಾತು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು, ಕೈಕಾಲಿನಲ್ಲಿ ಬಲ ಇಲ್ಲ, ಎಬ್ಬಿಸಿದರೂ ಏಳುವುದಿಲ್ಲ. ಇದರಲ್ಲಿ ಒಂದು ಕಂಡರೂ ತಡ ಮಾಡುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ. ನಮ್ಮವರಿಗೆ ದೊಡ್ಡ ಕಾಯಿಲೆ ಎಂದರೆ ತಲಪಾಡಿ ದಾಟಿ ಮಂಗಳೂರಿಗೆ ಓಡುವುದು ಅಭ್ಯಾಸ. 2020ರಲ್ಲಿ ಕೊರೊನಾ ಬಂದು ಆ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡು ಯಾರೂ ಮರೆತಿಲ್ಲ. ಆದರೂ ತಲೆಗೆ ಪೆಟ್ಟಾದಾಗ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ಬಿಪಿ ನೋಡಿಸಿ. ಸ್ಕ್ಯಾನಿಗೆ ಎಲ್ಲಿಗೆ ಹೋಗಬೇಕು ಎಂದು ಅವರೇ ಹೇಳಲಿ. ಮನೆಯಲ್ಲಿರುವ ನೋವಿನ ಮಾತ್ರೆ, ಅದರಲ್ಲೂ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಒಳಗೆ ರಕ್ತಸ್ರಾವ ಇದ್ದರೆ ಅವು ಅದನ್ನು ಹೆಚ್ಚಿಸಬಹುದು.

ಕುತ್ತಿಗೆ ನೋವು ಎಂದು ನೀರಿನಲ್ಲೇ ಕೂಗಿದವನನ್ನು ರಟ್ಟೆ ಹಿಡಿದು ದೋಣಿಗೆ ಎಳೆದು ಹಾಕಬಾರದು. ಮುಖ ಮೇಲಾಗಿ ತೇಲಿಸಿ, ತಲೆ ಕುತ್ತಿಗೆ ಅಲುಗದ ಹಾಗೆ ಎರಡು ಕೈಯಲ್ಲಿ ಆಧಾರ ಕೊಡಬೇಕು. ಕೈಕಾಲು ಜೋಮು ಹಿಡಿದರೆ ಇನ್ನೂ ಜಾಗ್ರತೆ. ದೋಣಿ ಓಡಿಸುವವನಿಗೆ ಮುಂದೆ ನೋಡುವ ಕೆಲಸ ಇರುತ್ತದೆ. ಹಿಂದೆ ಹಗ್ಗ ಹಿಡಿದವನನ್ನೇ ನೋಡುತ್ತಾ ಕೂರಲು ಇನ್ನೊಬ್ಬ ಬೇಕೇ ಬೇಕು. ಬಿದ್ದವನು ಕೈ ಎತ್ತಿ ತೋರಿಸಿದರೆ ಸರಿ. ಎತ್ತದಿದ್ದರೆ ದೋಣಿ ತಕ್ಷಣ ತಿರುಗಬೇಕು.

ನಮ್ಮ ಹೊಳೆಯಲ್ಲೇ ಇಂಥದ್ದು ಆಡುವವರಿಗೆ ಒಂದೆರಡು ಮಾತು. ಮಳೆಗಾಲದ ನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ ಎಂದು ನಮ್ಮ ಗದ್ದೆ ಕೆಲಸದವರಿಗೆ ಚೆನ್ನಾಗಿ ಗೊತ್ತು. ಹಲಗೆಯ ಅಂಚು ತಾಗಿ ಆದ ಗಾಯದಿಂದಲೂ ಅದು ಒಳಗೆ ಹೋಗುತ್ತದೆ. ಗಾಯವನ್ನು ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ, ಧನುರ್ವಾಯು ತಡೆಯುವ ಇಂಜೆಕ್ಷನ್ ವಿಚಾರಿಸಿ. ಆಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಹೊಳೆಗೆ ಇಳಿದದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಅಳಿವೆಯ ಹತ್ತಿರ ಮರಳಿನ ದಿಣ್ಣೆ ಜಾಗ ಬದಲಿಸುತ್ತಾ ಇರುತ್ತದೆ. ಚಂದ್ರಗಿರಿ ಹೊಳೆಯಲ್ಲೂ ಹಾಗೆ, ಮೊಗ್ರಾಲ್ ಹೊಳೆಯಲ್ಲೂ ಹಾಗೆ. ನಿನ್ನೆ ಆಳ ಇದ್ದಲ್ಲಿ ಇವತ್ತು ಮೊಣಕಾಲಷ್ಟು ನೀರು ಇರಬಹುದು. ಇಳಿತದ ಹೊತ್ತಿನಲ್ಲಿ ಅಂಥ ಕಡೆ ತಲೆ ಅಡಿಯಾಗಿ ಬಿದ್ದವನಿಗೆ ನಾನು ಹೇಳಿದ ಐಸು, ವಿಶ್ರಾಂತಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಆ ನೀರಿನಲ್ಲಿ ದಿನವೂ ಬಲೆ ಬೀಸುವವರನ್ನು ಕೇಳಿ. ಉಬ್ಬರ ಯಾವಾಗ, ದಿಣ್ಣೆ ಈಗ ಎಲ್ಲಿದೆ ಎಂದು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ಅವರು ಬೇಡ ಎಂದ ಕಡೆ ದೋಣಿ ಇಳಿಸಬೇಡಿ.

ನಮಸ್ಕಾರ.